ಪಟ್ಟಿಯನ್ನು ತಳದಿಂದ ಕಟ್ಟಬೇಕು: ಅಮೆರಿಕದ ಕಾಲೇಜು ಆಯ್ಕೆಯ ಬಗ್ಗೆ ಓದುಗರ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಓದುಗರಿಂದ, ಅದರಲ್ಲೂ ಹನ್ನೊಂದನೇ ತರಗತಿ ಮುಗಿಸುತ್ತಿರುವ ಮಕ್ಕಳ ಮನೆಗಳಿಂದ, ಈ ಬಾರಿ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಷಯವನ್ನು ಕೇಳಿವೆ: ಯಾವ ವಿಶ್ವವಿದ್ಯಾಲಯಗಳನ್ನು ಹೋಗಿ ನೋಡಬೇಕು, ಯಾವುದಕ್ಕೆ ಅರ್ಜಿ ಹಾಕಬೇಕು? ಅವುಗಳಲ್ಲಿ ಐದನ್ನು ಆಯ್ದುಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಮಗಳು ಚೆನ್ನಾಗಿ ಓದುತ್ತಾಳೆ. ನಾವೆಲ್ಲ ಸೇರಿ ಮಾಡಿದ ಪಟ್ಟಿಯಲ್ಲಿ 23 ವಿಶ್ವವಿದ್ಯಾಲಯಗಳಿವೆ. ಬಹುತೇಕ ಎಲ್ಲವೂ ರ‍್ಯಾಂಕಿಂಗಿನ ಮೊದಲ ಮೂವತ್ತರೊಳಗಿನವು. ಶಾಲೆಯ ಕೌನ್ಸೆಲರ್ ಅರ್ಧಕ್ಕೆ ಇಳಿಸಿ ಎನ್ನುತ್ತಾರೆ. ಯಾವುದನ್ನು ಬಿಡುವುದೆಂದು ತಿಳಿಯುತ್ತಿಲ್ಲ. (ಒಬ್ಬ ತಾಯಿ, ನ್ಯೂಜೆರ್ಸಿ)

ಉತ್ತರ: ಕೌನ್ಸೆಲರ್ ಹೇಳಿದ್ದನ್ನು ಕೇಳಿ. ಹಲವು ಕಾಲೇಜುಗಳಿಗೆ ಒಂದೇ ನಮೂನೆಯಲ್ಲಿ ಅರ್ಜಿ ಹಾಕುವ ಕಾಮನ್ ಆ್ಯಪ್ ಎಂಬ ಜಾಲತಾಣದ ಮೂಲಕ ಹೆಚ್ಚೆಂದರೆ 20 ಕಾಲೇಜುಗಳಿಗೆ ಮಾತ್ರ ಅರ್ಜಿ ಹಾಕಬಹುದು ಎಂಬುದು ಒಂದು ಕಾರಣ. ಬರವಣಿಗೆಯ ಹೊರೆ ಅದಕ್ಕಿಂತ ದೊಡ್ಡ ಕಾರಣ. 650 ಪದಗಳ ಮುಖ್ಯ ಪ್ರಬಂಧ ಎಲ್ಲ ಕಡೆಗೂ ಒಂದೇ ಆದರೂ, ಪ್ರವೇಶ ಕಠಿಣವಾಗಿರುವ ಕಾಲೇಜುಗಳಲ್ಲಿ ಹೆಚ್ಚಿನವು ತಮ್ಮದೇ ಒಂದೆರಡು, ಕೆಲವೊಮ್ಮೆ ನಾಲ್ಕೈದು ಕಿರುಪ್ರಬಂಧಗಳನ್ನು ಕೇಳುತ್ತವೆ. ಹನ್ನೆರಡನೇ ತರಗತಿಯ ಪಾಠ, ಪರೀಕ್ಷೆಗಳ ನಡುವೆ ನಲವತ್ತು ಕಿರುಪ್ರಬಂಧ ಬರೆಯಲು ಕುಳಿತ ಹುಡುಗಿಯ ಕೊನೆಯ ಹದಿನೈದು ಬರಹಗಳು ಮೊದಲ ಐದರಷ್ಟು ಜೀವಂತವಾಗಿರುವುದು ಕಷ್ಟ, ಮತ್ತು ಓದುವವರಿಗೆ ಅದು ತಿಳಿಯುತ್ತದೆ. ನನ್ನ ಅನುಭವದಲ್ಲಿ ಎಂಟರಿಂದ ಹತ್ತು ಸಾಕು. ಹನ್ನೆರಡು ಹೆಚ್ಚೇ ಆಯಿತು.

ಆದರೆ ನಿಮ್ಮ ಪಟ್ಟಿಯ ಉದ್ದಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಅದಕ್ಕೆ ತಳವೇ ಇಲ್ಲದಿರುವುದು. ಪಟ್ಟಿಯನ್ನು ಕೆಳಗಿನಿಂದ ಕಟ್ಟಿಕೊಂಡು ಬನ್ನಿ ಎಂದು ನಾನು ಪತ್ರ ಬರೆದ ಎಲ್ಲರಿಗೂ ಹೇಳುತ್ತೇನೆ. ಮೊದಲು ಎರಡೇ ಎರಡು ವಿಶ್ವವಿದ್ಯಾಲಯಗಳನ್ನು ಹುಡುಕಿ: ಅಲ್ಲಿ ಮಗಳಿಗೆ ಪ್ರವೇಶ ಸಿಗುವುದು ಬಹುಮಟ್ಟಿಗೆ ಖಚಿತವಾಗಿರಬೇಕು, ನಾಲ್ಕು ವರ್ಷದ ವೆಚ್ಚವನ್ನು ನೀವು ಸಾಲದ ಭಾರವಿಲ್ಲದೆ ತೂಗಿಸುವಂತಿರಬೇಕು, ಮತ್ತು ಕೊನೆಗೆ ಅಲ್ಲಿಗೇ ಹೋಗಬೇಕಾಗಿ ಬಂದರೆ ಅವಳು ಮನಸ್ಸಿಟ್ಟು ಹೋಗುವಂತಿರಬೇಕು. ಮೂರೂ ಕೂಡಿ ಬಂದರೆ ಮಾತ್ರ ಅದು ತಳ. ಮೊದಲ ಎರಡನ್ನು ಅಂಕಿ ಅಂಶ ನೋಡಿ ತೀರ್ಮಾನಿಸಬಹುದು. ಮೂರನೆಯದಕ್ಕೆ ಸಮಯ ಬೇಕು, ಏಕೆಂದರೆ ಬಹಳಷ್ಟು ಮನೆಗಳಲ್ಲಿ ಈ ಕಾಲೇಜುಗಳ ಹೆಸರನ್ನು ‘ಎಲ್ಲೂ ಸಿಗದಿದ್ದರೆ ಅಲ್ಲಿ’ ಎಂಬ ಒಂದೇ ದನಿಯಲ್ಲಿ ಎತ್ತುತ್ತಾರೆ, ಮಕ್ಕಳು ಆ ದನಿಯನ್ನೇ ಕಲಿಯುತ್ತಾರೆ. ನಿಮ್ಮದೇ ರಾಜ್ಯದ ರಟ್ಗರ್ಸ್ 1766ರಲ್ಲಿ ಸ್ಥಾಪನೆಯಾದ, ದೊಡ್ಡ ಸಂಶೋಧನಾ ಪರಂಪರೆಯಿರುವ ವಿಶ್ವವಿದ್ಯಾಲಯ. ನೀವು ಕಳಿಸಿದ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಅದರ ಆನರ್ಸ್ ಕಾಲೇಜಿನ (ಚೆನ್ನಾಗಿ ಓದುವವರಿಗೆಂದು ಒಳಗೇ ಇರುವ ವಿಶೇಷ ಘಟಕದ) ವಿವರಗಳನ್ನೂ ಮಗಳು ಓದಬಯಸುವ ವಿಭಾಗದ ಕೋರ್ಸುಗಳನ್ನೂ ಅವಳೊಡನೆ ಕುಳಿತು ಒಂದು ಸಂಜೆ ಓದಿ ನೋಡಿ, ಆಮೇಲೆ ಬೇಡವೆನಿಸಿದರೆ ಬಿಡಿ.

ರ‍್ಯಾಂಕಿಂಗಿನ ಮಾತಿಗೆ ಬಂದರೆ, ಅದನ್ನು ಹೆಸರುಗಳ ಪರಿಚಯಕ್ಕೆ ಬಳಸಿಕೊಳ್ಳಿ, ಮೂರನೆಯದಕ್ಕೂ ಹದಿನೇಳನೆಯದಕ್ಕೂ ಇರುವ ಅಂತರವನ್ನು ಅಳೆಯುವುದಕ್ಕೆ ಬೇಡ. 2022ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಮೈಕೇಲ್ ಥ್ಯಾಡಿಯಸ್ ಅವರು ತಮ್ಮದೇ ಸಂಸ್ಥೆ ಈ ಪಟ್ಟಿ ಪ್ರಕಟಿಸುವ ಯು.ಎಸ್. ನ್ಯೂಸ್‌ಗೆ ಒದಗಿಸಿದ್ದ ಅಂಕಿಗಳನ್ನು ಪ್ರಶ್ನಿಸಿದರು. ತರಗತಿಗಳ ಗಾತ್ರದಂಥ ಕೆಲವು ಅಂಕಿಗಳು ತಪ್ಪಾಗಿದ್ದವೆಂದು ವಿಶ್ವವಿದ್ಯಾಲಯವೇ ಆನಂತರ ಒಪ್ಪಿಕೊಂಡಿತು. ಎರಡನೇ ಸ್ಥಾನದಲ್ಲಿದ್ದ ಸಂಸ್ಥೆ ಆ ವರ್ಷ ಹದಿನೆಂಟಕ್ಕೆ ಇಳಿಯಿತು. ಆ ಕೆಲವು ತಿಂಗಳಲ್ಲಿ ಅಲ್ಲಿನ ಗ್ರಂಥಾಲಯವಾಗಲಿ ಅಧ್ಯಾಪಕರಾಗಲಿ ಬದಲಾಗಿರಲಿಲ್ಲ.

ಹೆಸರಿನಿಂದ ಏನೂ ಪ್ರಯೋಜನವಿಲ್ಲವೆಂದು ನಾನು ಹೇಳುತ್ತಿಲ್ಲ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿ ಪ್ರವೇಶ ಪಡೆದವರ ಪೈಕಿ ಹೆಚ್ಚು ಹೆಸರುವಾಸಿಯಾದಲ್ಲಿ ಓದಿದವರ ಮತ್ತು ಅಷ್ಟು ಹೆಸರಿಲ್ಲದಲ್ಲಿ ಓದಿದವರ ಮುಂದಿನ ಗಳಿಕೆ ಸರಾಸರಿಯಲ್ಲಿ ಹೆಚ್ಚುಕಡಿಮೆ ಸಮನಾಗಿತ್ತು. ಕಡಿಮೆ ಆದಾಯದ ಮನೆಗಳಿಂದ ಬಂದವರಿಗೆ ಮಾತ್ರ ಲಾಭ ಕಂಡುಬಂದಿತು. 2023ರಲ್ಲಿ ರಾಜ್ ಚೆಟ್ಟಿ ಮತ್ತು ಸಂಗಡಿಗರು ಐವಿ ಲೀಗ್ ಎಂಬ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳ ಗುಂಪಿನ ಎಂಟರ ಜೊತೆ ಷಿಕಾಗೊ, ಡ್ಯೂಕ್, ಎಂಐಟಿ, ಸ್ಟ್ಯಾನ್‌ಫರ್ಡ್ ಸೇರಿಸಿ ಅಧ್ಯಯನ ಮಾಡಿದಾಗಲೂ, ರಾಜ್ಯದ ಪ್ರಮುಖ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಹೋಲಿಸಿದರೆ ಸರಾಸರಿ ಗಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ; ಆದರೆ ಅತ್ಯಂತ ಮೇಲಿನ ಶೇಕಡಾ ಒಂದರ ಆದಾಯ ವರ್ಗವನ್ನು ತಲುಪುವ ಸಾಧ್ಯತೆ ಹೆಚ್ಚಾಗಿತ್ತು. ಈ ಎರಡನ್ನೂ ಮುಂದಿಟ್ಟುಕೊಂಡು ನಿಮ್ಮ ಮನೆಗೆ ಏನು ಮುಖ್ಯವೆಂದು ತೂಗಿ ನೋಡಿ. ಮೇಲಿನ ಸಾಲಿನಿಂದ ಮಗಳಿಗೆ ನಿಜವಾಗಿ ಹಿಡಿಸಿದ ಮೂರನ್ನು ಇಟ್ಟುಕೊಳ್ಳಿ. ಉಳಿದ ನಾಲ್ಕೈದು ನಡುವಿನವಾಗಿರಲಿ.

‘ನಡುವಿನದು’ ಯಾವುದೆಂದು ಕಂಡುಕೊಳ್ಳಲು ಕಾಮನ್ ಡೇಟಾ ಸೆಟ್ ಎಂಬ ದಾಖಲೆಯನ್ನು ಓದಿ. ಹೆಚ್ಚಿನ ವಿಶ್ವವಿದ್ಯಾಲಯಗಳು ಪ್ರತಿವರ್ಷ ಒಂದೇ ನಮೂನೆಯಲ್ಲಿ ಪ್ರಕಟಿಸುವ ಈ ದಾಖಲೆಯ ‘ಸಿ’ ಭಾಗದಲ್ಲಿ ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನರಿಗೆ ಪ್ರವೇಶ ಸಿಕ್ಕಿತು, ಸೇರಿದವರ ಅಂಕಗಳು ಹೇಗಿದ್ದವು ಎಂಬುದಿರುತ್ತದೆ. ‘ಬಿ’ ಭಾಗದಲ್ಲಿ ಮೊದಲ ವರ್ಷದ ನಂತರ ಎಷ್ಟು ಮಂದಿ ಉಳಿದರು, ಆರು ವರ್ಷಗಳೊಳಗೆ ಎಷ್ಟು ಮಂದಿ ಪದವಿ ಮುಗಿಸಿದರು ಎಂಬುದು. ಈ ಕೊನೆಯ ಎರಡು ಅಂಕಿಗಳನ್ನು ಯಾರೂ ನೋಡುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಒಳಗೆ ಹೋಗುವುದು ಎಷ್ಟು ಕಷ್ಟ ಎಂದು ಎಲ್ಲರೂ ಕೇಳುತ್ತಾರೆ. ಒಳಗೆ ಹೋದ ಮಗು ಪದವಿಯೊಂದಿಗೆ ಹೊರಗೆ ಬರುತ್ತದೆಯೇ ಎಂದು ಕೇಳುವವರು ಅಪರೂಪ.

ಪ್ರಶ್ನೆ: ಮಗ ಕಂಪ್ಯೂಟರ್ ಸೈನ್ಸ್ ಓದಬೇಕೆಂದಿದ್ದಾನೆ. ಮೊದಲು ಪದವಿಯ ಮುಖ್ಯ ವಿಷಯವಾಗಿ ಯಾವುದಾದರೂ ಸುಲಭವಾದ ಮೇಜರ್‌ಗೆ ಅರ್ಜಿ ಹಾಕಿ ಒಳಗೆ ಸೇರಿಕೊಂಡು ಆಮೇಲೆ ಬದಲಾಯಿಸಿಕೊಳ್ಳಬಹುದೆಂದು ಸ್ನೇಹಿತರು ಹೇಳುತ್ತಾರೆ. ಇದು ಸರಿಯೆ? (ಒಬ್ಬ ತಂದೆ, ಟೆಕ್ಸಸ್)

ಉತ್ತರ: ಈ ಸಲಹೆಯನ್ನು ನಂಬಿ ಎರಡನೇ ವರ್ಷದಲ್ಲಿ ಪೇಚಿಗೆ ಸಿಲುಕಿದ ಮಕ್ಕಳನ್ನು ನಾನು ಕಂಡಿದ್ದೇನೆ, ಆದ್ದರಿಂದ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ದಯವಿಟ್ಟು ಹಾಗೆ ಮಾಡಬೇಡಿ. ಅಮೆರಿಕದಲ್ಲಿ ವಿಶ್ವವಿದ್ಯಾಲಯಕ್ಕೆ ಪ್ರವೇಶ ಸಿಗುವುದು ಬೇರೆ, ವಿಭಾಗಕ್ಕೆ ಪ್ರವೇಶ ಸಿಗುವುದು ಬೇರೆ ಎಂಬ ಕಡೆಗಳೂ ಇವೆ, ಎರಡೂ ಒಂದೇ ಆಗಿರುವ ಕಡೆಗಳೂ ಇವೆ. ಎಂಐಟಿ, ಸ್ಟ್ಯಾನ್‌ಫರ್ಡ್‌ಗಳಲ್ಲಿ ಸಂಸ್ಥೆಗೆ ಸೇರಿದ ವಿದ್ಯಾರ್ಥಿ ಮೇಜರ್ ಅನ್ನು ನಂತರ ತಾನೇ ಆರಿಸಿಕೊಳ್ಳುತ್ತಾನೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಬೇಕಾದವರು ಅರ್ಜಿಯಲ್ಲಿಯೇ ಅದನ್ನು ಮೊದಲ ಆಯ್ಕೆಯಾಗಿ ಬರೆಯಬೇಕು. ಹಾಗೆ ಪ್ರವೇಶ ಸಿಗದವರಿಗೆ ಆಮೇಲಿನ ದಾರಿ ಬಹಳ ಕಿರಿದು. ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸಿನಲ್ಲಿಯೂ ಹೊರಗಿನ ಮೇಜರ್‌ಗಳಿಂದ ಈ ವಿಭಾಗಕ್ಕೆ ಬರುವುದು ತೀರಾ ಕಷ್ಟ; ಆದರೆ ಭಾಷಾಶಾಸ್ತ್ರ, ಅರ್ಥಶಾಸ್ತ್ರ, ಸಂಗೀತ, ಖಗೋಳಶಾಸ್ತ್ರಗಳಂಥ ವಿಷಯಗಳೊಂದಿಗೆ ಕಂಪ್ಯೂಟರ್ ಸೈನ್ಸನ್ನು ಜೋಡಿಸಿರುವ ಪದವಿಗಳು ಅಲ್ಲಿವೆ, ಮಗನಿಗೆ ಅಂಥ ಎರಡನೇ ಒಲವೊಂದು ನಿಜವಾಗಿಯೂ ಇದ್ದರೆ ಅವನ್ನು ಗಮನಿಸಲೇಬೇಕು. ಬರ್ಕ್ಲಿಯಲ್ಲಿ ಮೊದಲು ಒಳಗೆ ಸೇರಿ, ಆರಂಭದ ಕೋರ್ಸುಗಳಲ್ಲಿ ಒಳ್ಳೆಯ ಅಂಕ ಗಳಿಸಿ ಈ ಮೇಜರ್‌ಗೆ ಹೋಗುವ ಪದ್ಧತಿಯಿತ್ತು. 2023ರಲ್ಲಿ ಸೇರಿದ ತಂಡದಿಂದ ಅಲ್ಲಿಯೂ ಮೊದಲ ಅರ್ಜಿಯಲ್ಲೇ ಕೇಳಬೇಕಾಗಿದೆ. ನಿಮ್ಮ ಸ್ನೇಹಿತರು ಬಹುಶಃ ಹಳೆಯ ಪದ್ಧತಿಯನ್ನು ನೆನಪಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದಾರೆ.

ನಿಮ್ಮ ರಾಜ್ಯದ ಬಗ್ಗೆ ಒಂದು ಮಾತು. 1997ರ ಕಾನೂನಿನಂತೆ ಶಾಲೆಯಲ್ಲಿ ಮೇಲಿನ ಶೇಕಡಾ 10ರೊಳಗೆ ಬಂದವರಿಗೆ ಟೆಕ್ಸಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ತಾನಾಗಿ ಪ್ರವೇಶವಿದೆ. ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿಗೆ ಮಾತ್ರ ಈ ಮಿತಿ ಇನ್ನೂ ಬಿಗಿ. ಆದರೆ ಆ ಭರವಸೆ ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದ್ದು, ನೀವು ಕೇಳಿದ ಮೇಜರ್‌ಗೆ ಅಲ್ಲ. ಆಸ್ಟಿನ್‌ಗೆ ಪ್ರವೇಶ ಖಚಿತ ಎಂದುಕೊಂಡು ಅದನ್ನೇ ತಳವೆಂದು ಬಗೆದವರು, ಕಂಪ್ಯೂಟರ್ ಸೈನ್ಸ್ ಸಿಗದಿದ್ದಾಗ ತಮ್ಮ ಬಳಿ ತಳವೇ ಇರಲಿಲ್ಲವೆಂದು ಏಪ್ರಿಲ್‌ನಲ್ಲಿ ಅರಿತುಕೊಳ್ಳುತ್ತಾರೆ. ಪಟ್ಟಿಯಲ್ಲಿರುವ ಪ್ರತಿ ಹೆಸರಿನ ಮುಂದೆ ಒಂದು ಸಾಲು ಬರೆದಿಡಿ: ಇಲ್ಲಿ ಮೇಜರ್‌ಗೆ ಪ್ರವೇಶ ಯಾವಾಗ ತೀರ್ಮಾನವಾಗುತ್ತದೆ, ಯಾರು ತೀರ್ಮಾನಿಸುತ್ತಾರೆ? ವಿಭಾಗದ ಪುಟದಲ್ಲಿ ಉತ್ತರ ಸ್ಪಷ್ಟವಾಗಿರದಿದ್ದರೆ ವಿಭಾಗದ ಕಚೇರಿಗೇ ಬರೆದು ಕೇಳಿ.

ಪ್ರಶ್ನೆ: ಮಾರ್ಚ್ ರಜೆಯ ಆರು ದಿನಗಳಲ್ಲಿ ಹನ್ನೊಂದು ಕಾಲೇಜುಗಳನ್ನು ತೋರಿಸಲು ಅಪ್ಪ ಅಮ್ಮ ಯೋಜನೆ ಹಾಕಿದ್ದಾರೆ. ಅಷ್ಟನ್ನೂ ನೋಡಲೇಬೇಕೆ? ಹೋದಾಗ ಏನನ್ನು ಗಮನಿಸಬೇಕು? ಹೋಗದಿದ್ದರೆ ಅರ್ಜಿಗೆ ಹಿನ್ನಡೆಯಾಗುತ್ತದೆಯೆ? (ಒಬ್ಬ ವಿದ್ಯಾರ್ಥಿ)

ಉತ್ತರ: ನೀನೇ ಬರೆದು ಕೇಳಿದ್ದು ನನಗೆ ತುಂಬ ಸಂತೋಷ ತಂದಿತು. ಹನ್ನೊಂದು ಬೇಡ. ನನ್ನ ಮಗಳೊಂದಿಗೆ ನಾವು ಹೊರಟ ಮೊದಲ ಪ್ರವಾಸದಲ್ಲಿ ಒಂದೇ ದಿನ ಮೂರು ಕ್ಯಾಂಪಸ್ ಸುತ್ತಿದೆವು. ರಾತ್ರಿ ಅವಳು ನೋಟ್‌ಬುಕ್ ತೆರೆದಾಗ ಮೂರು ಪುಟಗಳಲ್ಲಿಯೂ ‘ಇಟ್ಟಿಗೆಯ ಕಟ್ಟಡಗಳು, ಒಳ್ಳೆಯ ಗ್ರಂಥಾಲಯ, ಸ್ನೇಹಪರ ವಿದ್ಯಾರ್ಥಿಗಳು’ ಎಂದೇ ಇತ್ತು. ಗಾಜಿನ ಛಾವಣಿಯ ಗ್ರಂಥಾಲಯ ಯಾವ ಕಾಲೇಜಿನದು ಎಂಬುದರ ಬಗ್ಗೆ ಅವಳಿಗೂ ನನಗೂ ಒಮ್ಮತವಿರಲಿಲ್ಲ. ಮರುದಿನ ಎರಡನ್ನು ರದ್ದುಮಾಡಿ ಒಂದರಲ್ಲೇ ಅರ್ಧ ದಿನ ಕಳೆದೆವು. ಮೊದಲೇ ಅನುಮತಿ ಕೇಳಿ ಮೊದಲ ವರ್ಷದ ರಸಾಯನಶಾಸ್ತ್ರದ ತರಗತಿಯಲ್ಲಿ ಕೊನೆಯ ಸಾಲಿನಲ್ಲಿ ಕುಳಿತೆವು. ಇನ್ನೂರರಷ್ಟು ವಿದ್ಯಾರ್ಥಿಗಳಿದ್ದ ದೊಡ್ಡ ಸಭಾಂಗಣ. ಪಾಠದ ನಡುವೆ ಪ್ರಾಧ್ಯಾಪಕಿ ಒಂದು ಲೆಕ್ಕ ಕೊಟ್ಟು ಮೂರು ನಿಮಿಷ ಸುಮ್ಮನಾದರು, ವಿದ್ಯಾರ್ಥಿಗಳು ಪಕ್ಕದವರತ್ತ ತಿರುಗಿ ಚರ್ಚಿಸತೊಡಗಿದರು, ನಮ್ಮ ಮುಂದೆ ಕುಳಿತಿದ್ದ ಹುಡುಗನೊಬ್ಬ ಹಿಂದೆ ತಿರುಗಿ ಮಗಳನ್ನೂ ಆ ಚರ್ಚೆಗೆ ಸೇರಿಸಿಕೊಂಡ. ಗಂಟೆ ಮುಗಿದ ಮೇಲೆ ಮೇಜಿನ ಬಳಿ ಒಂಬತ್ತು ಮಂದಿ ಸಾಲಾಗಿ ನಿಂತರು. ಒಂಬತ್ತನೆಯವನ ಪ್ರಶ್ನೆ ಮುಗಿಯುವ ತನಕ ಆಕೆ ಚೀಲ ಎತ್ತಿಕೊಳ್ಳಲಿಲ್ಲ. ಅಂದು ಮಗಳು ಎರಡು ಪುಟ ಬರೆದಳು, ಅದರಲ್ಲಿ ಕಟ್ಟಡಗಳ ವಿಷಯ ಒಂದು ಸಾಲೂ ಇರಲಿಲ್ಲ.

ಆದ್ದರಿಂದ ದಿನಕ್ಕೆ ಒಂದು, ಹೆಚ್ಚೆಂದರೆ ಎರಡು. ಇನ್ನೊಂದು ವಿಷಯ: ಈ ಮೊದಲ ಪ್ರವಾಸದಲ್ಲಿ ಕಾಲೇಜುಗಳ ಹೆಸರಿಗಿಂತ ಬಗೆಗಳನ್ನು ನೋಡು. ಮೂವತ್ತು ಸಾವಿರ ವಿದ್ಯಾರ್ಥಿಗಳ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನಿನಗೆ ಉಸಿರು ಕಟ್ಟುತ್ತದೆಯೋ ಹುರುಪು ಬರುತ್ತದೆಯೋ, ಎರಡು ಸಾವಿರ ವಿದ್ಯಾರ್ಥಿಗಳ ಲಿಬರಲ್ ಆರ್ಟ್ಸ್ ಕಾಲೇಜು (ಮುಖ್ಯವಾಗಿ ಪದವಿ ಶಿಕ್ಷಣಕ್ಕೇ ಮೀಸಲಾದ ಸಣ್ಣ ಕಾಲೇಜು) ಆಪ್ತವೆನಿಸುತ್ತದೆಯೋ ಇಕ್ಕಟ್ಟೆನಿಸುತ್ತದೆಯೋ ಎಂಬುದು ಕಾಲಿಟ್ಟು ನೋಡಿದರೆ ಮಾತ್ರ ತಿಳಿಯುವ ಸಂಗತಿ. ಇದಕ್ಕೆ ವಿಮಾನ ಹತ್ತಬೇಕಾಗಿಲ್ಲ, ಮನೆಯ ಸಮೀಪದ ಎರಡು ಮೂರು ಕಾಲೇಜುಗಳಿಂದಲೇ ತಿಳಿದುಕೊಳ್ಳಬಹುದು. ದೂರ ಹೋಗುವುದೇ ಆದರೆ ಬೇರೆ ಬೇರೆ ಬಗೆಗಳು ಒಟ್ಟಿಗೆ ಸಿಗುವ ಪ್ರದೇಶಗಳನ್ನು ಆರಿಸಿಕೊಳ್ಳಿ. ಉತ್ತರ ಕೆರೊಲೈನಾದಲ್ಲಿ ಖಾಸಗಿಯಾದ ಡ್ಯೂಕ್, ಸರ್ಕಾರಿಯಾದ ಚಾಪೆಲ್ ಹಿಲ್, ತಂತ್ರಜ್ಞಾನಕ್ಕೆ ಹೆಸರಾದ ಎನ್‌ಸಿ ಸ್ಟೇಟ್ ಮೂರೂ ಒಂದಕ್ಕೊಂದು ಹತ್ತಿರದಲ್ಲಿವೆ. ಮ್ಯಾಸಚೂಸೆಟ್ಸ್‌ನ ಪಶ್ಚಿಮದಲ್ಲಿ ಆ್ಯಮ್ಹರ್ಸ್ಟ್, ಸ್ಮಿತ್, ಮೌಂಟ್ ಹೋಲಿಯೋಕ್‌ಗಳಂಥ ಸಣ್ಣ ಕಾಲೇಜುಗಳ ಪಕ್ಕದಲ್ಲೇ ರಾಜ್ಯದ ದೊಡ್ಡ ವಿಶ್ವವಿದ್ಯಾಲಯವಿದೆ, ಒಂದರ ವಿದ್ಯಾರ್ಥಿ ಇನ್ನೊಂದರಲ್ಲಿ ಕೋರ್ಸ್ ತೆಗೆದುಕೊಳ್ಳುವ ಏರ್ಪಾಡೂ ಇದೆ. ಕ್ಯಾಲಿಫೋರ್ನಿಯಾದ ಕ್ಲೇರ್ಮಾಂಟ್‌ನಲ್ಲಂತೂ ಐದು ಕಾಲೇಜುಗಳ ನಡುವೆ ನಡೆದೇ ಓಡಾಡಬಹುದು.

ಅಧಿಕೃತ ಟೂರ್ ಒಂದು ಗಂಟೆಯಲ್ಲಿ ಮುಗಿಯುತ್ತದೆ. ನೀನು ನೋಡಬೇಕಾದದ್ದು ಅದರ ನಂತರ ಶುರುವಾಗುತ್ತದೆ. ನಿನ್ನ ವಿಷಯದ ವಿಭಾಗಕ್ಕೆ ಹೋಗಿ ಕಾರಿಡಾರಿನಲ್ಲಿ ನಿಧಾನವಾಗಿ ನಡೆ. ಗೋಡೆಯ ಮೇಲಿನ ಸಂಶೋಧನಾ ಪೋಸ್ಟರುಗಳಲ್ಲಿ ಪದವಿ ವಿದ್ಯಾರ್ಥಿಗಳ ಹೆಸರುಗಳಿವೆಯೇ, ಪಿಎಚ್‌ಡಿ ಮಾಡುವವರದ್ದೇ ಇವೆಯೇ ನೋಡು. ಅಧ್ಯಾಪಕರ ಬಾಗಿಲ ಮೇಲೆ ಭೇಟಿಯ ಸಮಯ ಬರೆದಿದ್ದರೆ, ಆ ಸಮಯದಲ್ಲಿ ಬಾಗಿಲು ತೆರೆದಿದೆಯೇ ಗಮನಿಸು. ಅಲ್ಲಿ ಕುಳಿತ ವಿದ್ಯಾರ್ಥಿಗಳನ್ನು ‘ಇಲ್ಲಿ ಚೆನ್ನಾಗಿದೆಯೇ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ‘ಕಳೆದ ಸೆಮಿಸ್ಟರಿನಲ್ಲಿ ನಿಮಗೆ ಬೇಕಾಗಿದ್ದ ಯಾವ ಕೋರ್ಸಿನಲ್ಲಿ ಸೀಟು ಸಿಗಲಿಲ್ಲ?’, ‘ಅಡ್ವೈಸರ್ ಭೇಟಿಗೆ ಎಷ್ಟು ದಿನ ಕಾಯಬೇಕು?’, ‘ವಾರಾಂತ್ಯದಲ್ಲಿ ಎಷ್ಟು ಮಂದಿ ಇಲ್ಲಿಯೇ ಉಳಿಯುತ್ತಾರೆ?’ ಎಂದು ಕೇಳು. ಅಪ್ಪ ಅಮ್ಮ ಸುರಕ್ಷತೆಯ ಬಗ್ಗೆ ಖಂಡಿತ ಕೇಳುತ್ತಾರೆ. 1986ರಲ್ಲಿ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ಲಿನಲ್ಲಿ ಜೀನ್ ಕ್ಲೀರಿ ಎಂಬ ವಿದ್ಯಾರ್ಥಿನಿಯ ಕೊಲೆಯಾದ ನಂತರ ಅವಳ ತಂದೆತಾಯಿಯರ ಹೋರಾಟದಿಂದ 1990ರಲ್ಲಿ ಬಂದ ಕಾನೂನಿನಂತೆ, ಪ್ರತಿ ಕ್ಯಾಂಪಸ್ ಹಿಂದಿನ ಮೂರು ವರ್ಷಗಳ ಅಪರಾಧಗಳ ವರದಿಯನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಹೊರಡುವ ಮೊದಲು ಆ ವರದಿಗಳನ್ನು ಅವರಿಗೆ ಓದಲು ಕೊಡು.

ಹೋಗದಿದ್ದರೆ ಹಿನ್ನಡೆಯೇ ಎಂಬ ಪ್ರಶ್ನೆಗೆ ಉತ್ತರ ಕಾಲೇಜಿನಿಂದ ಕಾಲೇಜಿಗೆ ಬೇರೆ. ಕಾಮನ್ ಡೇಟಾ ಸೆಟ್‌ನ ‘ಸಿ7’ ಪಟ್ಟಿಯಲ್ಲಿ ಅರ್ಜಿದಾರರು ತೋರಿಸುವ ಆಸಕ್ತಿಯನ್ನು ಪರಿಗಣಿಸುತ್ತೇವೆಯೋ ಇಲ್ಲವೋ ಎಂದು ಪ್ರತಿ ಸಂಸ್ಥೆಯೂ ಗುರುತು ಹಾಕಿರುತ್ತದೆ. ಎಂಐಟಿಯಾಗಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್ಸುಗಳಾಗಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪರಿಗಣಿಸುವ ಕಾಲೇಜುಗಳಲ್ಲಿಯೂ ಆನ್‌ಲೈನ್ ಮಾಹಿತಿ ಸಭೆಗೆ ಹೆಸರು ನೋಂದಾಯಿಸಿ ಭಾಗವಹಿಸುವುದು, ನಿಮ್ಮ ಶಾಲೆಗೆ ಬರುವ ಪ್ರತಿನಿಧಿಯನ್ನು ಮಾತನಾಡಿಸುವುದು ಆಸಕ್ತಿಯ ಗುರುತುಗಳೇ. ಪ್ರಯಾಣದ ಖರ್ಚು ಕಷ್ಟವಾಗುವ ಮನೆಗಳ ವಿದ್ಯಾರ್ಥಿಗಳನ್ನು ತಮ್ಮದೇ ವೆಚ್ಚದಲ್ಲಿ ಕರೆಸಿಕೊಳ್ಳುವ ಕಾಲೇಜುಗಳೂ ಸಾಕಷ್ಟಿವೆ. ಅದಕ್ಕೆ ಹಲವೆಡೆ ಹನ್ನೆರಡನೇ ತರಗತಿ ಆರಂಭವಾಗುವ ಮುನ್ನ, ಬೇಸಿಗೆಯಲ್ಲೇ ಪ್ರತ್ಯೇಕ ಅರ್ಜಿ ಹಾಕಬೇಕಾಗುತ್ತದೆ.

ಪ್ರಶ್ನೆ: ನಾವು ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದೇವೆ, ಮಗಳು ಎಚ್-4 ಅವಲಂಬಿತರ ವೀಸಾದಲ್ಲಿ. ಅವಳು ಒಂದನೇ ತರಗತಿಯಿಂದ ಇಲ್ಲಿಯೇ ಓದಿದ್ದಾಳೆ. ಅರ್ಲಿ ಡಿಸಿಷನ್ (ಒಂದೇ ಕಾಲೇಜಿಗೆ ಮುಂಚಿತವಾಗಿ ಹಾಕುವ ಅರ್ಜಿ) ಹಾಕಿದರೆ ಪ್ರವೇಶ ಸುಲಭವೆನ್ನುತ್ತಾರೆ. ಹಾಕೋಣವೆ? (ದಂಪತಿ)

ಉತ್ತರ: ಮೊದಲು ಹಣದ ಲೆಕ್ಕ, ಆಮೇಲೆ ಅರ್ಲಿ ಡಿಸಿಷನ್. ಅವಳು ಎಷ್ಟು ವರ್ಷ ಇಲ್ಲಿ ಓದಿದ್ದರೂ, ಎಚ್-4ನಲ್ಲಿರುವವರಿಗೆ ಒಕ್ಕೂಟ ಸರ್ಕಾರದ ವಿದ್ಯಾರ್ಥಿ ನೆರವು ಸಿಗುವುದಿಲ್ಲ. ಅದು ಪೌರರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಕೆಲವೇ ಬೇರೆ ವರ್ಗದವರಿಗೆ. ಇದು ಆ ಮಕ್ಕಳಿಗೆ ನೋವಿನ ಸಂಗತಿ, ಬಹಳ ಮಂದಿಗೆ ಹನ್ನೆರಡನೇ ತರಗತಿಯಲ್ಲಷ್ಟೇ ತಿಳಿಯುತ್ತದೆ. ನೆರವಿನ ವಿಷಯದಲ್ಲಿ ಹಲವು ಖಾಸಗಿ ಕಾಲೇಜುಗಳು ಅವಳನ್ನು ವಿದೇಶಿ ಅರ್ಜಿದಾರಳ ಸಾಲಿನಲ್ಲಿ ಇಡುತ್ತವೆ, ನೆರವು ಕೇಳಿದ್ದನ್ನು ಪ್ರವೇಶದ ನಿರ್ಧಾರದಲ್ಲಿ ಗಣಿಸುತ್ತವೆ. ಹಾರ್ವರ್ಡ್, ಯೇಲ್, ಪ್ರಿನ್ಸ್ಟನ್, ಎಂಐಟಿ, ಆ್ಯಮ್ಹರ್ಸ್ಟ್‌ಗಳಂಥ ಕೆಲವು ಮಾತ್ರ ವಿದೇಶಿಯರಿಗೂ ಹಾಗೆ ಗಣಿಸದೆ, ಸೇರಿದವರ ಅಗತ್ಯವನ್ನು ಪೂರ್ತಿ ಭರಿಸುತ್ತವೆ. ಪ್ರತಿ ಕಾಲೇಜಿನ ಜಾಲತಾಣದಲ್ಲಿರುವ, 2011ರಿಂದ ಕಡ್ಡಾಯವಾಗಿರುವ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ (ನೆರವು ಕಳೆದು ಉಳಿಯುವ ವೆಚ್ಚದ ಅಂದಾಜು ತೋರಿಸುವ ಸಾಧನ) ಸಾಮಾನ್ಯವಾಗಿ ಪೌರರ ಮತ್ತು ಗ್ರೀನ್ ಕಾರ್ಡ್ ಇರುವವರ ಲೆಕ್ಕಕ್ಕೆ ತಕ್ಕಂತೆ ಮಾಡಿದ್ದು, ಅದು ತೋರಿಸುವ ಮೊತ್ತವನ್ನು ನೀವು ನಂಬಿಕೊಳ್ಳಬಾರದು. ರಾಜ್ಯದ ನಿವಾಸಿಗಳಿಗಿರುವ ಕಡಿಮೆ ಶುಲ್ಕದ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿವೆ. ನಿಮ್ಮ ರಾಜ್ಯದ ವಿಶ್ವವಿದ್ಯಾಲಯದಲ್ಲಿ ನಿವಾಸ ಸ್ಥಾನ ನಿರ್ಧರಿಸುವ ಕಚೇರಿಗೆ ಬರೆದು, ಲಿಖಿತ ಉತ್ತರವನ್ನೇ ಪಡೆದುಕೊಳ್ಳಿ.

ಅರ್ಲಿ ಡಿಸಿಷನ್ ಎಂದರೆ ಪ್ರವೇಶ ಸಿಕ್ಕರೆ ಬಂದೇ ಬರುತ್ತೇನೆಂಬ ಒಪ್ಪಂದ. ಕೊಟ್ಟ ನೆರವು ಸಾಲದಿದ್ದರೆ ಬಿಡುಗಡೆ ಕೇಳಲು ಅವಕಾಶವಿದೆ, ನಿಜ; ಆದರೆ ಬೇರೆ ಕಾಲೇಜುಗಳ ಕೊಡುಗೆಗಳನ್ನು ಮುಂದಿಟ್ಟು ಹೋಲಿಸುವ ಅವಕಾಶ ಅಲ್ಲಿಗೆ ಮುಗಿಯಿತು. ಪೂರ್ತಿ ವೆಚ್ಚವನ್ನು ನಾಲ್ಕು ವರ್ಷವೂ ನೀವೇ ಭರಿಸಬಲ್ಲಿರಾದರೆ, ಮತ್ತು ಆ ಕಾಲೇಜು ಮಗಳ ನಿಸ್ಸಂಶಯವಾದ ಮೊದಲ ಆಯ್ಕೆಯಾಗಿದ್ದರೆ ಹಾಕಿ. ಇಲ್ಲವಾದರೆ ಒಪ್ಪಂದದ ಕಟ್ಟಿಲ್ಲದ ಅರ್ಲಿ ಆ್ಯಕ್ಷನ್ ಇರುವಲ್ಲಿ ಹಾಕಿ, ವಸಂತದವರೆಗೆ ಕೈಗಳನ್ನು ಬಿಡುವಾಗಿಟ್ಟುಕೊಳ್ಳಿ.

ಪ್ರಶ್ನೆ: ಅರ್ಜಿ ಹಾಕುವ ಮೊದಲು ಎಲ್ಲಿಗೂ ಹೋಗಲಾಗಲಿಲ್ಲ. ಪ್ರವೇಶ ಸಿಕ್ಕ ಮೇಲೆ ನೋಡಿದರೆ ತಡವಾಯಿತೆ? (ಒಬ್ಬ ತಾಯಿ)

ಉತ್ತರ: ತಡವಾಗಿಲ್ಲ. ಒಮ್ಮೆ ಮಾತ್ರ ಹೋಗಲು ಸಾಧ್ಯವೆಂದಾದರೆ ಏಪ್ರಿಲ್ ತಿಂಗಳೇ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆಗ ಕೈಯಲ್ಲಿರುವುದು ಎರಡೋ ಮೂರೋ ನಿಜವಾದ ಆಯ್ಕೆಗಳು. ಹೆಚ್ಚಿನ ಕಾಲೇಜುಗಳಿಗೆ ಮೇ 1ರೊಳಗೆ ಉತ್ತರ ಕೊಡಬೇಕಾಗಿರುವುದರಿಂದ ತಿಂಗಳ ಮೊದಲ ಎರಡು ವಾರಗಳಲ್ಲೇ ಹೊರಡಿ. ಹೊಸ ವಿದ್ಯಾರ್ಥಿಗಳ ಸ್ವಾಗತಕ್ಕೆಂದು ಏರ್ಪಡಿಸಿದ ವಿಶೇಷ ದಿನಕ್ಕೆ ಹೋದರೆ ಅದರ ಮರುದಿನವೂ ಅಲ್ಲಿಯೇ ಉಳಿಯಿರಿ: ಬಾವುಟ, ಬಲೂನುಗಳನ್ನು ತೆಗೆದ ಮೇಲೆ ಮಂಗಳವಾರದ ಬೆಳಿಗ್ಗೆ ಹತ್ತು ಗಂಟೆಗೆ ಆ ಅಂಗಳ ಹೇಗಿರುತ್ತದೆ, ಅಲ್ಲಿ ಓಡಾಡುವ ವಿದ್ಯಾರ್ಥಿಗಳ ನಡುವೆ ತಾನು ಇರಬಲ್ಲೆನೆಂದು ನಿಮ್ಮ ಮಗುವಿಗೆ ಅನಿಸುತ್ತದೆಯೇ ಎಂಬುದನ್ನು ಅವರು ಒಬ್ಬರೇ ಸುತ್ತಾಡಿ ನೋಡಲಿ. ನೀವು ಆ ಹೊತ್ತಿಗೆ ಹಣಕಾಸು ನೆರವಿನ ಕಚೇರಿಗೆ ಹೋಗಿ, ಮೊದಲ ವರ್ಷ ಕೊಟ್ಟ ವಿದ್ಯಾರ್ಥಿವೇತನ ಉಳಿದ ಮೂರು ವರ್ಷವೂ ಮುಂದುವರಿಯುತ್ತದೆಯೇ, ಅದಕ್ಕೆ ಎಷ್ಟು ಜಿಪಿಎ (ಸರಾಸರಿ ಅಂಕ) ಉಳಿಸಿಕೊಳ್ಳಬೇಕು ಎಂದು ಕೇಳಿ, ಹೇಳಿದವರ ಹೆಸರು ಮತ್ತು ದಿನಾಂಕದೊಂದಿಗೆ ಬರೆದುಕೊಂಡು ಬನ್ನಿ.